ಮೂರು ಮಿಲಿಮೀಟರ್ ಜೇಡ, ಒಂಬತ್ತು ಸಾವಿರದ ಮೈಕ್ರೋಸ್ಕೋಪು

ಮೈಕ್ರೋಸ್ಕೋಪಿನ ಪೆಟ್ಟಿಗೆಯ ಮೇಲೆ ‘ರಿಸರ್ಚ್ ಗ್ರೇಡ್’, ಅಂದರೆ ಸಂಶೋಧನೆಗೆ ತಕ್ಕದ್ದು, ಅಂತ ದಪ್ಪ ಅಕ್ಷರದಲ್ಲಿ ಅಚ್ಚಾಗಿತ್ತು. ಎಂಟು ತಿಂಗಳು ಬಳಸಿದ ಮೇಲೆ ನನ್ನ ದೊಡ್ಡ ತಕರಾರು ಆ ಎರಡು ಶಬ್ದಗಳ ಮೇಲೇ. ಉಳಿದದ್ದೆಲ್ಲ ಸಣ್ಣಪುಟ್ಟದ್ದು, ರಿಪೇರಿಯಾಗುವಂಥದ್ದು.

ಮೊದಲು ನಾನು ಯಾರು, ಇದನ್ನು ಯಾಕೆ ತಗೊಂಡೆ ಅಂತ ಹೇಳಿಬಿಡ್ತೇನೆ. ಇಲ್ಲದಿದ್ದರೆ ವಿಮರ್ಶೆಗೆ ಅರ್ಥ ಇರೋದಿಲ್ಲ. ಬಾಗಲಕೋಟೆ ನವನಗರದಲ್ಲಿ ನಮ್ಮ ಮನೆ. ಆಲಮಟ್ಟಿ ಹಿನ್ನೀರಿಗೆ ಹಳೇ ಮನೆ ಹೋದ ಮೇಲೆ ಸೆಕ್ಟರ್ ನಂಬರಿನ ವಿಳಾಸಕ್ಕೆ ಬಂದ ಸಾವಿರಾರು ಮಂದಿಯಲ್ಲಿ ನಾವೂ ಒಬ್ಬರು. ಬೀಳಗಿ ತಾಲೂಕಿನ ಒಂದು ಹಳ್ಳಿ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸ್ತೇನೆ. ದಿನಾ ಬಸ್ಸಿನಲ್ಲಿ ಹೋಗಿ ಬರೋದು. ಶಾಲೆಯ ಮುಂದೆ ಎರಿ ಹೊಲ, ಹಿಂದೆ ಮಡ್ಡಿ. ಮುಂದಿನ ಹೊಲಕ್ಕೆ ಕಬ್ಬು ಬಂದಿದೆ, ಹಿಂದಿನ ಮಡ್ಡಿಗೆ ಯಾರೂ ಬರಲ್ಲ, ಕುರಿ ಬಿಟ್ಟರೆ. ಪಹಣಿಯಲ್ಲಿ ಆ ಜಾಗ ‘ಖರಾಬು’. ಮೊಣಕಾಲೆತ್ತರ ಹುಲ್ಲು, ನಡುವೆ ಕವಳಿ ಕಂಟಿ, ಅಲ್ಲೊಂದು ಇಲ್ಲೊಂದು ಜಾಲಿ, ಉಳಿದದ್ದು ಗರಸು. ಆಫ್ರಿಕಾದ ಪಾಠ ಬಂದಾಗ ಪುಸ್ತಕದಲ್ಲಿ ‘ಸವನ್ನಾ’ ಅಂತ ಓದಿಸಿ, ಕಿಡಕಿಯ ಹೊರಗಿನ ಸವನ್ನಾಕ್ಕೆ ಬೆನ್ನು ಹಾಕಿ ನಿಂತು ಹದಿನೇಳು ವರ್ಷ ಪಾಠ ಮಾಡಿದ್ದೇನೆ. ಇದು ನನ್ನ ತಪ್ಪೊಪ್ಪಿಗೆ.

ಕಳೆದ ದಸರಾ ಸೂಟಿ ಮುಗಿದ ವಾರ ಒಂಬತ್ತನೇ ತರಗತಿಯ ಹುಡುಗನೊಬ್ಬ ಕಡ್ಡಿಪೆಟ್ಟಿಗೆ ತಂದ. ಅವರ ಮನೆಯಲ್ಲಿ ಕುರಿ ಇವೆ. ಶಾಲೆ ಬಿಟ್ಟ ಮೇಲೆ ಅವನೂ ಕಾಯಲು ಹೋಗ್ತಾನೆ.

“ಅಕ್ಕೋರ, ಇರಬಿ ಅಂತ ಹಿಡದ್ನಿರಿ. ಜಿಗೀತು ನೋಡ್ರಿ. ಇರಬಿ ಹಂಗ ಜಿಗೀತಾವೇನ್ರಿ?”

ಪೆಟ್ಟಿಗೆಯನ್ನು ಸ್ವಲ್ಪ ಸರಿಸಿದೆ. ಒಳಗೆ ಜ್ವಾಳದ ಕಾಳಿಗಿಂತ ಸಣ್ಣದೊಂದು ಕಂದು ಚುಕ್ಕೆ ಇತ್ತು. ನನ್ನ ಕಡೆ ತಿರುಗಿತು. ಹುಳ ನಮ್ಮ ಕಡೆ ತಿರುಗುವುದು ಬೇರೆ, ನಮ್ಮನ್ನು ನೋಡುವುದು ಬೇರೆ. ಇದು ನೋಡಿತು. ಜಿಗಿಯುವ ಜೇಡಗಳ ಗುಣವೇ ಅದು. ಎಂಟು ಕಣ್ಣಿನಲ್ಲಿ ನಡುವಿನ ಮುಂದಿನ ಎರಡು ಗಾಡಿ ದೀಪದಂತೆ ದೊಡ್ಡವು, ಉಳಿದ ಆರು ಸುತ್ತಮುತ್ತಲಿನ ಅಲುಗಾಟ ಕಾಯುವ ಕಾವಲುಗಾರರು. ಬಲೆ ಹೆಣೆದು ಕೂರುವ ಜಾತಿಯಲ್ಲ, ಬೆಕ್ಕಿನ ಹಾಗೆ ಹೊಂಚಿ ಹಾರುವ ಬೇಟೆಗಾರ. ಹಾರುವ ಮುಂಚೆ ನಿಂತಲ್ಲಿ ಒಂದು ನೂಲು ಅಂಟಿಸಿಯೇ ಹಾರುತ್ತದೆ, ಗುರಿ ತಪ್ಪಿದರೆ ಜೋತು ಬೀಳಲಿಕ್ಕೆ. ಕಾಲು ಮಡಚಲು ಸ್ನಾಯು ಇವೆ. ಚಾಚಬೇಕಾದ ಮುಖ್ಯ ಕೀಲುಗಳಲ್ಲಿ ಮಾತ್ರ ಚಾಚುವ ಸ್ನಾಯು ಇಲ್ಲ, ದೇಹದ ದ್ರವವನ್ನು ಒಮ್ಮೆಲೇ ಕಾಲಿಗೆ ಒತ್ತಿ ಚಾಚುತ್ತದೆ. ಜೆಸಿಬಿ ತನ್ನ ಕೈ ಎತ್ತುವ ತತ್ವ ಅಂತ ಮಕ್ಕಳಿಗೆ ಹೇಳಿದರೆ ಥಟ್ಟನೆ ತಲೆಗೆ ಹೋಗುತ್ತದೆ.

ಶಾಲೆಯ ಗೋಡೆ ಮೇಲೆ ದಿನಾ ಕಾಣುವ ದೊಡ್ಡ ಜಿಗಿಜೇಡ ನನಗೆ ಗೊತ್ತು. ಪ್ಲೆಕ್ಸಿಪ್ಪಸ್ ಪೇಕುಲಿ ಅಂತ ಹೆಸರು, ಲೋಕದ ಬೆಚ್ಚನೆಯ ಊರುಗಳ ಗೋಡೆಗಳ ಮೇಲೆಲ್ಲ ಅದರ ಸಂಸಾರ ಇದೆ. ಇದು ಅದಲ್ಲ. ಫೋನಿನಲ್ಲಿ ಎರಡು ರಾತ್ರಿ ಚಿತ್ರ ಹುಡುಕಿದೆ. ಒಂದಕ್ಕೂ ಹೊಂದಲಿಲ್ಲ. ಹೊಂದದಿದ್ದಾಗ ಮನುಷ್ಯನ ತಲೆಗೆ ಏನು ಬರುತ್ತದೋ ಅದೇ ನನಗೂ ಬಂತು: ಹೊಸದೇ ಇರಬೇಕು!

ಮೊದಲು ತಗೊಂಡದ್ದು ಫೋನಿಗೆ ಸಿಕ್ಕಿಸುವ ಮ್ಯಾಕ್ರೋ ಲೆನ್ಸು, 550 ರೂಪಾಯಿ. ಅದರ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಹೂವಿಗೆ, ಎಲೆಗೆ, ಸತ್ತ ನೊಣಕ್ಕೆ ಬಲು ಚೆನ್ನ. ಜೀವಂತ ಜಿಗಿಜೇಡಕ್ಕೆ ಎರಡು ಬೆರಳಿನಷ್ಟು ಹತ್ತಿರ ಹೋಗಬೇಕು, ಅಷ್ಟರಲ್ಲಿ ಅದು ಲೆನ್ಸಿನ ಮೇಲೇ ಬಂದು ಕೂತಿರುತ್ತದೆ. ನನ್ನ ಬಳಿ ಮಸುಕಾದ ಅರವತ್ತು ಚಿತ್ರಗಳಿವೆ, ಒಂದರಲ್ಲೂ ಎರಡು ಕಣ್ಣಿಗಿಂತ ಹೆಚ್ಚು ಕಾಣಲ್ಲ.

ಆಮೇಲೆ ಈ ಸ್ಟೀರಿಯೊ ಮೈಕ್ರೋಸ್ಕೋಪು. 9,400 ರೂಪಾಯಿ, ತೆರಿಗೆ ಸೇರಿ. ಶಾಲೆಯ ದುಡ್ಡಲ್ಲ, ನನ್ನದು. ಮನೆಯಲ್ಲಿ ‘ಮಿಕ್ಸರ್ ಕೆಟ್ಟು ವರ್ಷ ಆತು’ ಅನ್ನುವ ಮಾತು ಇನ್ನೂ ನಿಂತಿಲ್ಲ. ಪೆಟ್ಟಿಗೆ ಹರಿಯಾಣದ ಅಂಬಾಲಾದಿಂದ ಬಂತು. ಪಿಯು ಕಾಲೇಜುಗಳ ಲ್ಯಾಬಿನಲ್ಲಿ ನೀವು ನೋಡಿದ ಬೀಕರು, ಸ್ಟ್ಯಾಂಡು, ಮೈಕ್ರೋಸ್ಕೋಪು ಬಹಳಷ್ಟು ಆ ಊರಿನವೇ. ಕಂಪನಿ ಹೆಸರು ಬರೆಯುವುದಿಲ್ಲ. ಇದೇ ಅಚ್ಚಿನ ಮಾಲು ಹತ್ತು ಹೆಸರಿನಲ್ಲಿ ಮಾರಾಟಕ್ಕಿದೆ, ಬಣ್ಣ ಮಾತ್ರ ಬೇರೆ.

ಒಂದು ಮಾತು ಮೊದಲೇ ತಿಳಿದಿರಲಿ. ಶಾಲೆಯಲ್ಲಿ ಈರುಳ್ಳಿ ಸಿಪ್ಪೆ ನೋಡುವ ಮೈಕ್ರೋಸ್ಕೋಪು ಇದಲ್ಲ. ಅದರಲ್ಲಿ ಬೆಳಕು ವಸ್ತುವಿನೊಳಗೆ ಹಾಯ್ದು ಬರಬೇಕು, ವಸ್ತು ತೆಳ್ಳಗಿರಬೇಕು. ಸ್ಟೀರಿಯೊದಲ್ಲಿ ಎರಡು ಕಣ್ಣಿಗೆ ಎರಡು ಬೇರೆ ದಾರಿ, ಬೆಳಕು ಮೇಲಿನಿಂದ. ಅದಕ್ಕೇ ಉಬ್ಬು ತಗ್ಗು ಕಾಣುತ್ತದೆ. ಜೇಡ ಜೇಡದ ಹಾಗೇ ಕಾಣುತ್ತದೆ. ನನ್ನದರಲ್ಲಿ ಕಣ್ಣಿನ ಲೆನ್ಸು ಹತ್ತು ಪಟ್ಟು, ಕೆಳಗೆ ತಿರುಗಿಸುವ ಲೆನ್ಸು ಎರಡು ಅಥವಾ ನಾಲ್ಕು. ಒಟ್ಟು ಇಪ್ಪತ್ತು ಇಲ್ಲ ನಲವತ್ತು. ಇಪ್ಪತ್ತರಲ್ಲಿ ಸುಮಾರು ಒಂದು ಸೆಂಟಿಮೀಟರ್ ಅಗಲದ ವೃತ್ತ ಕಾಣುತ್ತದೆ, ನಲವತ್ತರಲ್ಲಿ ಅದರ ಅರ್ಧ. ಮೂರು ಮಿಲಿಮೀಟರಿನ ನಮ್ಮ ಅತಿಥಿಗೆ ಅಳೆದು ಹೊಲಿಸಿದ ಹಾಗೆ.

ಬಂದ ದಿನ ಬಲಗಣ್ಣಿನ ನಳಿಗೆ ಲಟಲಟ ಅಲುಗಾಡುತ್ತಿತ್ತು. ಎರಡು ಕಣ್ಣಿಗೆ ಎರಡು ಜೇಡ. ಮಾರಿದವರಿಗೆ ವಿಡಿಯೊ ಕಳಿಸಿದೆ, ‘ಮೇಡಂ ಕನ್ನಡಕ ತೆಗೆದು ನೋಡಿ’ ಎಂದರು. ಹತ್ತೊಂಬತ್ತು ದಿನದ ಮೇಲೆ ಬೇರೆ ನಳಿಗೆ ಬಂತು. ಅಷ್ಟು ದಿನ ಜೇಡ ಏನು ಮಾಡುತ್ತಿತ್ತು ಅಂದರೆ, ಹಾರ್ಲಿಕ್ಸ್ ಬಾಟಲಿಯಲ್ಲಿ ಕೂತು ಬಾಳೆಹಣ್ಣಿನ ಸಿಪ್ಪೆಗೆ ಬರುವ ಸಣ್ಣ ನೊಣಗಳನ್ನು ತಿನ್ನುತ್ತಿತ್ತು. ಅದನ್ನು ಸಾಕುವ ಖರ್ಚು ಮೈಕ್ರೋಸ್ಕೋಪಿನದಕ್ಕಿಂತ ಬಹಳ ಕಡಿಮೆ.

ಈಗ ಒಳ್ಳೆಯದು ಹೇಳ್ತೇನೆ.

ನಳಿಗೆ ಸರಿಹೋದ ರಾತ್ರಿ ಜೇಡವನ್ನು ಸಣ್ಣ ಡಬ್ಬಿಯಲ್ಲಿ ಹಾಕಿ ಐದು ನಿಮಿಷ ಫ್ರಿಜ್ಜಿನಲ್ಲಿಟ್ಟೆ. ತಣ್ಣಗಾದರೆ ಸ್ವಲ್ಪ ಹೊತ್ತು ಸುಮ್ಮನಿರುತ್ತದೆ, ಸಾಯುವುದಿಲ್ಲ. ಹಾಲು ತಗೊಳ್ಳಲು ಬಂದ ನಮ್ಮ ಅತ್ತಿ ನೋಡಿಬಿಟ್ಟರು. “ಏನವಾ ಇದು, ಮಸರಿನ ಬಾಜೂಕ ಜ್ಯಾಡ ಇಟ್ಟೀಯಲಾ?” ಅಂದರು. ಹತ್ತು ನಿಮಿಷದ ಮೇಲೆ ಅವರೇ ಮೈಕ್ರೋಸ್ಕೋಪಿಗೆ ಕಣ್ಣಿಟ್ಟು ಕೂತಿದ್ದರು, ಎಬ್ಬಿಸಲು ಆಗಲಿಲ್ಲ. ಅಷ್ಟು ಸ್ವಚ್ಛ ಕಾಣುತ್ತದೆ. ಮೈಮೇಲಿನ ಕೂದಲು ಕೂದಲಲ್ಲ, ಕೆಲವು ಕಡೆ ಮೀನಿನ ಹುರುಪೆಯಂತೆ ಚಪ್ಪಟೆ. ತಲೆಯ ಮೇಲೆ ಬಿಳಿ ಬಣ್ಣ ಕೊಡುವುದು ಆ ಹುರುಪೆಗಳೇ. ದೊಡ್ಡ ಕಣ್ಣಿನ ಬಣ್ಣ ಬದಲಾಗುತ್ತದೆ! ಒಮ್ಮೆ ಕಾಡಿಗೆಯಂತೆ ಕಪ್ಪು, ಇನ್ನೊಮ್ಮೆ ಜೇನಿನ ಕಂದು. ಹೊರಗಿನ ಗಾಜು ಅಲುಗಾಡುವುದಿಲ್ಲ, ಒಳಗೆ ಕೊಳವೆಯಂಥ ಕಣ್ಣಿನ ಹಿಂಬದಿಯ ಪರದೆ ಅತ್ತಿತ್ತ ಸರಿಯುತ್ತದೆ. ಅದು ನಮ್ಮತ್ತ ನೆಟ್ಟಾಗ ಕಪ್ಪು, ಬೇರೆತ್ತ ತಿರುಗಿಸಿದಾಗ ಕಂದು. ಇದನ್ನು ಓದಿದ್ದೆ. ನವನಗರದ ಅಡಿಗೆ ಮನೆ ಟೇಬಲ್ಲಿನ ಮೇಲೆ ನೋಡ್ತೇನೆ ಅಂದುಕೊಂಡಿರಲಿಲ್ಲ. ಇದೊಂದಕ್ಕೇ 9,400 ಸಂದಿದೆ ಅಂತ ನನ್ನ ಲೆಕ್ಕ.

ಬೆಳಕಿನ ಬಗ್ಗೆ: ಮೇಲಿನ ಎಲ್‌ಇಡಿ ತೀರ ಬಿಳಿ, ಜೇಡದ ಹೊಳೆಯುವ ಬೆನ್ನಿನ ಮೇಲೆ ಚುಕ್ಕೆ ಬೀಳುತ್ತದೆ. ದೋಸೆ ಹಿಟ್ಟಿನ ಬಿಳಿ ಪ್ಲಾಸ್ಟಿಕ್ ಚೀಲದ ತುಂಡು ಕತ್ತರಿಸಿ ದೀಪಕ್ಕೆ ಅಡ್ಡ ಅಂಟಿಸಿದೆ, ಚುಕ್ಕೆ ಹೋಯಿತು. ಕೆಳಗಿನ ದೀಪ ಎರಡೇ ತಿಂಗಳಿಗೆ ಹೋಯಿತು. ಹೊಸದು ಹಾಕಿಸಿಲ್ಲ, ಬೇಕಾಗಿಯೂ ಇಲ್ಲ.

ಫೋಕಸ್ ಮಾಡುವ ತಿರುಪು ಬೇಸಿಗೆಯಲ್ಲಿ ಜಾರತೊಡಗಿತು. ಕಣ್ಣಿಟ್ಟು ನೋಡುತ್ತಿದ್ದ ಹಾಗೆ ಮೈಕ್ರೋಸ್ಕೋಪಿನ ತಲೆಯ ಭಾಗ ತಾನೇ ನಿಧಾನ ಕೆಳಗಿಳಿದು ಜೇಡ ಮಸುಕಾಗುತ್ತದೆ. ನಮ್ಮ ಕಡೆಯ ಏಪ್ರಿಲ್ ಬಿಸಿಲಿಗೆ ಗ್ರೀಸು ಕರಗಿತೋ, ಮೊದಲೇ ಹಲ್ಲು ಸಡಿಲ ಇತ್ತೋ, ಎರಡೂ ತಿರುಪುಗಳನ್ನು ಎದುರುಬದುರು ಹಿಡಿದು ತಿರುಗಿಸಿದರೆ ಬಿಗಿಯಾಗುತ್ತದೆ. ಇದು ಕೈಪಿಡಿಯಲ್ಲಿ ಇಲ್ಲ. ಹಾಗೆ ನೋಡಿದರೆ ಕೈಪಿಡಿಯಲ್ಲಿ ಏನೂ ಇಲ್ಲ, ಒಂದು ಚಿತ್ರ ಮತ್ತು ‘ಮಕ್ಕಳಿಂದ ದೂರವಿಡಿ’. ಮಕ್ಕಳಿಗಾಗಿಯೇ ತಂದದ್ದು ಮಾರಾಯರೇ.

ಸರಿ, ರಿಸರ್ಚ್ ಗ್ರೇಡಿಗೆ ಬರ್ತೇನೆ.

ನಲವತ್ತು ಪಟ್ಟಿನಲ್ಲಿ ಫೋನ್ ಹಿಡಿದು ತೆಗೆದ ಹನ್ನೊಂದು ಚಿತ್ರಗಳನ್ನು ಬೆಂಗಳೂರು ಕಡೆಯ ಒಬ್ಬ ಜೇಡ ಸಂಶೋಧಕರಿಗೆ ಕಳಿಸಿದೆ. ಜೊತೆಗೆ ಕಾಗದ: ಹುಲ್ಲುಗಾವಲಿನಲ್ಲಿ ಸಿಕ್ಕಿದೆ, ಮೂರು ಮಿಲಿಮೀಟರ್, ಯಾವ ಚಿತ್ರಕ್ಕೂ ಹೊಂದುವುದಿಲ್ಲ, ಹೊಸ ಜಾತಿ ಇರಬಹುದೇ? ಉತ್ತರ ಮೂರನೇ ದಿನ ಬಂತು, ಎರಡೇ ಸಾಲು. “ಮೇಡಂ, ಚಿತ್ರಗಳು ಚೆನ್ನಾಗಿವೆ. ಆದರೆ ಇದು ಮರಿ. ಮರಿ ನೋಡಿ ಜಾತಿ ಹೇಳಲು ಬರುವುದಿಲ್ಲ.”

ಮರಿ! ನನ್ನ ‘ಅತಿ ಪುಟ್ಟ ಹೊಸ ಜಾತಿ’ ಪುಟ್ಟದಾಗಿದ್ದದ್ದು ಅದಿನ್ನೂ ಬೆಳೆಯದಿದ್ದಕ್ಕೆ. ಎರಡು ದಿನ ಯಾರಿಗೂ ಹೇಳಲಿಲ್ಲ. ಆ ಹುಡುಗನಿಗೆ ಹೇಳಿದೆ. ಅವನಿಗೆ ಬೇಸರವೇ ಆಗಲಿಲ್ಲ. “ದೊಡ್ಡದಾಗತೈತಿ ಬಿಡ್ರಿ, ಕುರಿಮರಿ ಆಗೂದಿಲ್ಲೇನ್ರಿ” ಅಂದ.

ಆಗ ಕೂತು ಓದಿದೆ, ಹೊಸ ಜೇಡಕ್ಕೆ ಹೆಸರಿಡುವುದು ಅಂದರೆ ಏನು ಅಂತ. ಇದನ್ನು ಬಿಡಿಸಿ ಹೇಳ್ತೇನೆ, ಮೈಕ್ರೋಸ್ಕೋಪು ಕೊಳ್ಳುವ ನಿರ್ಧಾರ ಇಲ್ಲೇ ನಿಂತಿದೆ. ಬಣ್ಣ, ಪಟ್ಟೆ, ಗಾತ್ರ ನೋಡಿ ಜಾತಿ ತೀರ್ಮಾನ ಆಗುವುದಿಲ್ಲ, ಒಂದೇ ಜಾತಿಯಲ್ಲಿ ಗಂಡು ಒಂದು ಬಣ್ಣ, ಹೆಣ್ಣು ಇನ್ನೊಂದು. ತೀರ್ಮಾನ ಆಗುವುದು ಗಂಡಿನ ಬಾಯಿ ಪಕ್ಕದ ಎರಡು ಪುಟ್ಟ ತೋಳುಗಳ ತುದಿಯಲ್ಲಿ. ಪಾಲ್ಪ್ ಅಂತಾರೆ. ಬೆಳೆದ ಗಂಡಿನಲ್ಲಿ ಅದರ ತುದಿ ಬುಗುಟಾಗಿ ಊದಿ, ಅದರಲ್ಲಿ ಎಂಬೊಲಸ್ ಎನ್ನುವ ಸೂಜಿ, ಪಕ್ಕದಲ್ಲಿ ಕೊಕ್ಕೆಯಂಥ ಮುಳ್ಳು ಇರುತ್ತವೆ. ಹೆಣ್ಣಿನಲ್ಲಿ ಹೊಟ್ಟೆಯ ಕೆಳಗೆ ಎಪಿಜೈನ್ ಎಂಬ ಗಟ್ಟಿ ತಟ್ಟೆ. ಬೀಗ ಮತ್ತು ಕೀಲಿಕೈ ಅನ್ನಿ. ಪ್ರತಿ ಜಾತಿಗೂ ಬೇರೆ ಅಚ್ಚು. ಸೂಜಿ ಎತ್ತ ಬಾಗಿದೆ, ಮುಳ್ಳಿನ ತುದಿ ಒಂದೋ ಎರಡೋ, ತಟ್ಟೆಯೊಳಗಿನ ಕೊಳವೆ ಎಷ್ಟು ಸುತ್ತು ಸುತ್ತಿದೆ — ಇವನ್ನು ಚಿತ್ರ ಬಿಡಿಸಿ ತೋರಿಸಬೇಕು. ಹೆಣ್ಣಿನ ತಟ್ಟೆಯನ್ನು ಬಿಡಿಸಿ ತೆಗೆದು ಲವಂಗದ ಎಣ್ಣೆಯಂಥದರಲ್ಲಿಟ್ಟರೆ ಪಾರದರ್ಶಕವಾಗುತ್ತದೆ, ಆಗ ಒಳಗಿನ ಸುತ್ತು ಕಾಣುತ್ತದೆ. ಹಲ್ಲುನೋವಿಗೆ ಇಟ್ಟುಕೊಂಡ ಲವಂಗದ ಎಣ್ಣೆಗೆ ಹೀಗೂ ಒಂದು ಉಪಯೋಗ.

ಆಮೇಲೆ ಅಳತೆ. ಎದೆತಲೆಯ ಉದ್ದ, ಅಗಲ, ಎತ್ತರ, ಹೊಟ್ಟೆಯ ಉದ್ದ ಅಗಲ, ಕಣ್ಣುಗಳ ಚೌಕದ ಮುಂದಿನ ಅಗಲ ಹಿಂದಿನ ಅಗಲ, ಕಾಲಿನ ಒಂದೊಂದು ಗೆಣ್ಣು. ಬಹಳಷ್ಟು ಪ್ರಬಂಧಗಳಲ್ಲಿ ಮಿಲಿಮೀಟರಿನ ನೂರನೇ ಭಾಗದವರೆಗೆ ಕೊಟ್ಟಿರುತ್ತಾರೆ. ಅದೇ ಕುಲದಲ್ಲಿ, ಅಂದರೆ ಹತ್ತಿರದ ಜಾತಿಗಳ ಗುಂಪಿನಲ್ಲಿ, ಮೊದಲೇ ಹೆಸರಿಟ್ಟ ಪ್ರತಿಯೊಂದರ ಜೊತೆ ಹೋಲಿಸಿ ‘ಇದು ಅದಲ್ಲ, ಈ ಕಾರಣಕ್ಕೆ’ ಅಂತ ಬರೆಯಬೇಕು. ಒಂದೇ ಒಂದು ಜೀವವನ್ನು ಆ ಹೆಸರಿನ ಸಾಕ್ಷಿ ಅಂತ ಗೊತ್ತುಮಾಡಬೇಕು, ಹೊಲೊಟೈಪ್ ಅಂತ ಕರೀತಾರೆ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ನಮ್ಮ ದೇಶದಲ್ಲಿ ಹೊಸ ಜಾತಿ ಸಿಕ್ಕರೆ ಸರ್ಕಾರ ಗೊತ್ತುಮಾಡಿದ ಭಂಡಾರಕ್ಕೆ ತಿಳಿಸಿ ಮಾದರಿ ಒಪ್ಪಿಸಬೇಕು. 1916ರಲ್ಲಿ ಶುರುವಾದ ಕೋಲ್ಕತ್ತದ ಪ್ರಾಣಿ ಸರ್ವೇಕ್ಷಣಾಲಯ ಅಂಥದ್ದೊಂದು. ಲೋಕದ ಜೇಡಗಳ ಪಟ್ಟಿಯನ್ನು ಸ್ವಿಟ್ಜರ್‌ಲ್ಯಾಂಡಿನ ಬರ್ನ್ ನಗರದ ಮ್ಯೂಸಿಯಂ ಇಟ್ಟುಕೊಂಡಿದೆ. 2022ರ ಏಪ್ರಿಲ್‌ನಲ್ಲಿ ಆ ಪಟ್ಟಿ 50,000 ಮುಟ್ಟಿತು. ಐವತ್ತು ಸಾವಿರನೆಯದೂ ದಕ್ಷಿಣ ಅಮೆರಿಕಾದ ಒಂದು ಜಿಗಿಜೇಡವೇ, ಗುರಿಯುರಿಯಸ್ ಮಿನುಆನೊ. ಅಲ್ಲಿ ಹಿಂದೆ ಬಾಳಿದ ಮಿನುಆನೊ ಜನರ ಹೆಸರು ಅದಕ್ಕೆ ಇಟ್ಟರು. ಜಿಗಿಜೇಡಗಳೇ ಆರು ಸಾವಿರಕ್ಕೂ ಹೆಚ್ಚು ಜಾತಿ, ಜೇಡಗಳಲ್ಲಿ ಅತಿ ದೊಡ್ಡ ಕುಟುಂಬ. ಆಫ್ರಿಕಾದ ಸವನ್ನಾಗಳ ಜಿಗಿಜೇಡಗಳಿಗೆ ಹೆಸರಿಡುವುದರಲ್ಲಿ ಪೋಲೆಂಡಿನ ವಾಂಡಾ ವೆಸೊವೊಫ್ಸ್ಕಾ ಎಂಬವರು ದಶಕಗಳನ್ನೇ ಕಳೆದಿದ್ದಾರೆ. ಅವರು ಬಿಡಿಸಿದ ಪಾಲ್ಪ್ ಚಿತ್ರಗಳನ್ನು ನೋಡಿದೆ, ನಂತರ ನನ್ನ ಫೋನಿನ ಹನ್ನೊಂದು ಚಿತ್ರ ನೋಡಿದೆ. ನಗು ಬಂತು.

ನಮ್ಮ ಮರಿ ಹಾರ್ಲಿಕ್ಸ್ ಬಾಟಲಿಯಲ್ಲಿ ಮೂರು ಸಲ ಪೊರೆ ಬಿಟ್ಟಿತು. ನವೆಂಬರಿನಲ್ಲಿ ಒಮ್ಮೆ. ಡಿಸೆಂಬರಿನಲ್ಲಿ ಎರಡನೇ ಸಲ ಬಿಟ್ಟಾಗ ಮುಂದಿನ ಎರಡು ತೋಳುಗಳ ತುದಿ ಕುಸ್ತಿಯವರ ಮುಷ್ಟಿಯಂತೆ ಊದಿದ್ದವು, ಒಳಗಿನ ಕೆತ್ತನೆ ಇನ್ನೂ ತೆರೆದಿರಲಿಲ್ಲ. ಗಂಡು ಅಂತ ಗೊತ್ತಾಯಿತು. ಸಂಕ್ರಾಂತಿ ಆದ ಮೂರನೇ ದಿನ ಕೊನೆಯ ಪೊರೆ. ಈಗ ಐದು ಮಿಲಿಮೀಟರ್, ಕಪ್ಪು ತಲೆಯ ಮೇಲೆ ಹಿಂದಿನಿಂದ ಮುಂದಕ್ಕೆ ಎರಡು ಬಿಳಿ ಗೆರೆ, ವಿಭೂತಿ ಬಡಿದ ಹಾಗೆ. ಚಿತ್ರ ಮತ್ತೆ ಕಳಿಸಿದೆ. ಈ ಸಲ ಉತ್ತರ ಅದೇ ದಿನ: ಕುಲ ಸ್ಟೆನೆಲ್ಯೂರಿಲ್ಲಸ್ ಇದ್ದಂತಿದೆ, ಜಾತಿಗೆ ಪಾಲ್ಪ್‌ನ ಹತ್ತಿರದ ಚಿತ್ರ ಬೇಕು.

ಸ್ಟೆನೆಲ್ಯೂರಿಲ್ಲಸ್ ಆಫ್ರಿಕಾದಲ್ಲೂ ಇದೆ, ನಮ್ಮಲ್ಲೂ ಇದೆ. ಗಿಡ ಹತ್ತುವುದು ಕಡಿಮೆ, ನೆಲದ ಮೇಲೆ ಹುಲ್ಲಿನ ಬುಡ, ಕಲ್ಲು, ಒಣ ಎಲೆಯ ನಡುವೆ ಓಡಾಡುವ ಕುಲ. ಆಫ್ರಿಕಾದ ಕೆಲವು ಗೆದ್ದಲು ಹಿಡಿದು ತಿನ್ನುತ್ತವೆ. ಮಡ್ಡಿಯಲ್ಲಿ ವರ್ಲಿ ಹುತ್ತಿಗೇನು ಕಡಿಮೆ. ಹುಡುಗ ಇದನ್ನು ಹಿಡಿದದ್ದೂ ಹುತ್ತಿನ ಬಾಜೂಕೇ ಅಂತೆ.

ಪಾಲ್ಪ್‌ನ ಹತ್ತಿರದ ಚಿತ್ರ. ನನ್ನ ಮೈಕ್ರೋಸ್ಕೋಪು ಸೋತದ್ದು ಇಲ್ಲಿ. ಅರ್ಧ ಮಿಲಿಮೀಟರಿನ ಬುಗುಟು ನಲವತ್ತು ಪಟ್ಟಿನಲ್ಲಿ ಎರಡು ಸೆಂಟಿಮೀಟರಿನಷ್ಟು ಕಾಣುತ್ತದೆ, ಬುಗುಟು ಇದೆ ಅಂತ ಗೊತ್ತಾಗುತ್ತದೆ, ಮುಳ್ಳು ಇದೆ ಅಂತಲೂ. ಸೂಜಿಯ ತುದಿ ಮಾತ್ರ ಒಂದು ಹೊಳಪು, ಅಷ್ಟೇ. ಫೋನು ಹಿಡಿದರೆ ಅದೂ ಇಲ್ಲ. ಕಣ್ಣಿನ ಲೆನ್ಸಿನಲ್ಲಿ ಅಳತೆಯ ಗಾಜು ಕೂರಿಸುವ ಜಾಗವೇ ಇಲ್ಲ, ಗ್ರಾಫ್ ಕಾಗದ ಕೆಳಗಿಟ್ಟು ಅಂದಾಜು ಮಾಡಬೇಕು. ಒಂದು ಮಿಲಿಮೀಟರಿನ ಚೌಕದಲ್ಲಿ ನೂರನೇ ಭಾಗ ಎಲ್ಲಿಂದ ತರಲಿ? ಫೋನು ಹಿಡಿಯುವ ಪ್ಲಾಸ್ಟಿಕ್ ಹಿಡಿಕೆ ಪುಕ್ಕಟೆ ಕೊಟ್ಟಿದ್ದಾರೆ, ಪುಕ್ಕಟೆಯದಾಗಿಯೇ ಇದೆ. ‘ರಿಸರ್ಚ್ ಗ್ರೇಡ್’ ಅಂದರೆ ಇದಕ್ಕೆ ಮೂರನೇ ನಳಿಗೆ ಇರಬೇಕು, ಕ್ಯಾಮೆರಾಕ್ಕೆ. ನೂರು ಪಟ್ಟಾದರೂ ಮುಟ್ಟಬೇಕು. ಅಂಥದ್ದರ ಬೆಲೆ ಕೇಳಿದೆ, ಮಿಕ್ಸರ್ ಮಾತು ಮತ್ತೆ ನೆನಪಾಯಿತು.

ಹಾಗಂತ ಕೈ ಬಿಡಬೇಡಿ. ಕೆಲವು ಉಪಾಯ ಕಲಿತೆ. ಕೊರೊನಾ ಕಾಲದ ಸ್ಯಾನಿಟೈಸರ್ ಜೆಲ್ಲು ಮನೆಯಲ್ಲಿ ಉಳಿದಿದ್ದರೆ ಎಸೆಯಬೇಡಿ. ಸತ್ತ ಜೇಡವನ್ನು ಗಾಜಿನ ಬಟ್ಟಲಿನಲ್ಲಿ ಆ ಜೆಲ್ಲಿನೊಳಗೆ ಇಟ್ಟರೆ ಬೇಕಾದ ಭಂಗಿಯಲ್ಲಿ ನಿಲ್ಲುತ್ತದೆ, ಹೊಳಪೂ ಕಡಿಮೆ. ಸಂಶೋಧಕರೂ ಹೀಗೇ ಮಾಡ್ತಾರೆ. ಫೋಕಸನ್ನು ಕೂದಲೆಳೆಯಷ್ಟು ಸರಿಸುತ್ತ ಇಪ್ಪತ್ತು ಚಿತ್ರ ತೆಗೆದು ಒಂದಾಗಿ ಹೊಲಿಯುವ ಪುಕ್ಕಟೆ ಸಾಫ್ಟ್‌ವೇರ್ ಇವೆ, ಶಾಲೆಯ ಹಳೇ ಕಂಪ್ಯೂಟರಿನಲ್ಲೂ ನಡೆಯುತ್ತದೆ. ಹಾಗೆ ಹೊಲಿದ ಒಂದು ಚಿತ್ರ ಮುಂಚಿನ ಹನ್ನೊಂದಕ್ಕೂ ಮೇಲು.

ಗಂಡು ಫೆಬ್ರವರಿಯಲ್ಲಿ ತಾನಾಗಿ ಸತ್ತಿತು. ನನಗೆ ಕೊಲ್ಲಲು ಮನಸ್ಸು ಬಂದಿರಲಿಲ್ಲ, ಅದೇ ದಾರಿ ಮಾಡಿಕೊಟ್ಟಿತು. ಪರಿಚಯದ ಕಾಲೇಜು ಲ್ಯಾಬಿನಿಂದ ಎಪ್ಪತ್ತು ಪರ್ಸೆಂಟ್ ಆಲ್ಕೋಹಾಲು ಒಂದು ಸಣ್ಣ ಬಾಟಲಿ ತಂದು ಅದರಲ್ಲಿ ಇಳಿಸಿದೆ. ಚೀಟಿಯನ್ನು ಜೆಲ್ ಪೆನ್ನಿನಲ್ಲಿ ಬರೆದು ಒಳಗೆ ಹಾಕಿದ್ದೆ, ಮರುದಿನ ನೋಡಿದರೆ ಬಾಟಲಿ ತುಂಬ ನೀಲಿ ನೀರು, ಖಾಲಿ ಚೀಟಿ. ಪೆನ್ಸಿಲಿನಲ್ಲೇ ಬರೆಯಬೇಕಂತೆ. ಎರಡನೇ ಚೀಟಿ ಹುಡುಗನ ಕೈಯಿಂದಲೇ ಬರೆಸಿದೆ: ಊರು, ತಾಲೂಕು, ತಾರೀಖು, ಹುತ್ತಿನ ಹತ್ತಿರ ಹುಲ್ಲಿನ ಬುಡ, ಹಿಡಿದವರು. ಯಡಹಳ್ಳಿ ಚಿಂಕಾರ ವನ್ಯಧಾಮ ನಮ್ಮ ಶಾಲೆಗೆ ದೂರವೇನಲ್ಲ, ಅಲ್ಲಿಗೆ ಡಬ್ಬಿ ಹಿಡಿದು ಹೋಗುವಂತಿಲ್ಲ, ಅರಣ್ಯ ಇಲಾಖೆಯ ಪರವಾನಗಿ ಬೇಕು ಅಂತ ಮಕ್ಕಳಿಗೆ ಹತ್ತು ಸಲ ಹೇಳಿದ್ದೇನೆ. ನಮಗೆ ಶಾಲೆಯ ಹಿಂದಿನ ಖರಾಬೇ ಸಾಕು.

ಬಾಟಲಿ ಪೋಸ್ಟಿನಲ್ಲಿ ಕಳಿಸುವ ಹಾಗಿಲ್ಲ, ಒಳಗೆ ಆಲ್ಕೋಹಾಲು. ಬೇಸಿಗೆ ಸೂಟಿಯಲ್ಲಿ ರೈಲಿನಲ್ಲಿ ಕೈಚೀಲದಲ್ಲಿಟ್ಟು ಒಯ್ದು ಆ ಸಂಶೋಧಕರಿಗೆ ಕೊಟ್ಟು ಬಂದೆ. ಅವರ ಟೇಬಲ್ಲಿನ ಮೈಕ್ರೋಸ್ಕೋಪಿನಲ್ಲಿ ಒಂದು ಸಲ ನೋಡಿದೆ. ಸೂಜಿಯ ತುದಿ ಬಾಗಿದ್ದು, ಬಾಗಿದ ಮೇಲೆ ಸೀಳಿದ್ದು, ಎರಡೂ ಕಂಡಿತು. ಅವರು ಸುಮ್ಮನೆ ಬಹಳ ಹೊತ್ತು ನೋಡಿದರು. ಹೊಸದೋ ಹಳೆಯದೋ ಹೇಳಲಿಲ್ಲ, ನಾನೂ ಕೇಳಲಿಲ್ಲ. ಹೋಲಿಸಬೇಕಾದ ಪಟ್ಟಿ ಉದ್ದ ಇದೆ, ಹೆಣ್ಣೂ ಸಿಕ್ಕರೆ ಅನುಕೂಲ ಅಂದರು. ಒಂದೇ ಲಿಂಗ ನೋಡಿ ಹೆಸರಿಟ್ಟ ಜಾತಿಗಳೂ ಬೇಕಾದಷ್ಟಿವೆಯಂತೆ, ಮುಂದೆ ಅದರಿಂದ ಗೊಂದಲ ಆದದ್ದೂ ಉಂಟಂತೆ.

ಕೊಳ್ಳಬೇಕೋ ಬೇಡವೋ ಅಂತ ಕೇಳುವವರಿಗೆ: ಹೈಸ್ಕೂಲಿಗೆ, ಮನೆಯ ಮಕ್ಕಳಿಗೆ, ಬೀಜ ನೋಡುವ ರೈತರಿಗೆ, ಹುಳದ ಹುಚ್ಚು ಇರುವವರಿಗೆ ಕಣ್ಣು ಮುಚ್ಚಿ ತಗೊಳ್ಳಿ. ನಳಿಗೆ ಅಲುಗಾಡುತ್ತದೆಯೋ ಅಂತ ಬಂದ ದಿನವೇ ನೋಡಿ, ವಿಡಿಯೊ ಮಾಡಿಟ್ಟುಕೊಳ್ಳಿ. ಎರಿ ಮಣ್ಣಿನ ಧೂಳು ಲೆನ್ಸಿಗೆ ಕೂತರೆ ಸೀರೆ ಸೆರಗಿನಿಂದ ಒರೆಸಬೇಡಿ, ನಾನು ಒರೆಸಿ ಗೀರು ಬಿದ್ದಿದೆ. ಹೊಸ ಜಾತಿಗೆ ಹೆಸರಿಡುವ ಆಸೆಯಿಂದ ತಗೊಳ್ಳುವುದಾದರೆ, ಆ ದುಡ್ಡಿನಲ್ಲಿ ರೈಲು ಟಿಕೆಟ್ಟು ತೆಗೆಸಿ. ಆ್ಯಪಿನಲ್ಲಿ ಮೂರೂವರೆ ಸ್ಟಾರ್ ಒತ್ತಲು ಬರುವುದಿಲ್ಲ, ನಾಲ್ಕು ಒತ್ತಿದ್ದೇನೆ. ನಮ್ಮ ಅತ್ತಿಯನ್ನು ಕೇಳಿದ್ದರೆ ಐದು ಕೊಡುತ್ತಿದ್ದರು.

ಶಾಲೆ ಶುರುವಾದ ದಿನ ಹುಡುಗನಿಗೆ ಎಲ್ಲಾ ಹೇಳಿದೆ, ಹೆಣ್ಣು ಬೇಕಂತೆ ಅಂತಲೂ. ಮಳೆ ಎರಡು ಸಲ ಬಿದ್ದು ಮಡ್ಡಿ ಸ್ವಲ್ಪ ಹಸಿರಾಗಿದೆ. ಅವನ ಕಿಸೆಯಲ್ಲಿ ಆಗಲೇ ಖಾಲಿ ಕಡ್ಡಿಪೆಟ್ಟಿಗೆ ಇತ್ತು.

“ವರಾ ಆತಲ್ರಿ ಅಕ್ಕೋರ,” ಅಂದ, “ಇನ್ನ ಕನ್ಯಾ ನೋಡೂನ್ರಿ.”